ತಕಲಿಯಲ್ಲಿ ನೂಲು ಪದೇ ಪದೇ ಹರಿಯುತ್ತಿದೆಯಾ? ಹತ್ತಿಯಿಂದ ಲಡಿಯವರೆಗೆ ಸಮಗ್ರ ಮಾರ್ಗದರ್ಶಿ

ಮಳೆ ಹಿಡಿದು ಮನೆಯೊಳಗೆ ಕೂರುವ ಕಾಲ ಬಂತು ಅಂದರೆ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ತಕಲಿ (ಬೆರಳಲ್ಲಿ ತಿರುಗಿಸಿ ನೂಲು ತೆಗೆಯುವ ಕಡ್ಡಿ, ಮೇಲೆ ಕೊಕ್ಕೆ, ಕೆಳಗೆ ಬಿಲ್ಲೆ) ತಂದಾಯಿತು, ಹತ್ತಿ ತಂದಾಯಿತು, ವಿಡಿಯೊ ನೋಡಿಯೂ ಆಯಿತು, ಆದರೆ ಒಂದು ಗೇಣು ನೂಲು ಬರುವಷ್ಟರಲ್ಲಿ ಪಟ್ ಅಂತ ಹರಿಯುತ್ತದೆ, ಏನು ಮಾಡೋದು? ಕೇಳುವವರೆಲ್ಲ ತಮ್ಮ ಬೆರಳನ್ನೇ ಬೈದುಕೊಳ್ಳುತ್ತಾರೆ. ಬೆರಳು ಪಾಪ, ಅದರದ್ದೇನೂ ತಪ್ಪಿರುವುದಿಲ್ಲ. ಹತ್ತಿ ಸರಿ ಇರುವುದಿಲ್ಲ, ಹಂಜಿ (ನೂಲಲೆಂದು ಹಿಂಜಿ ಸುತ್ತಿದ ಹತ್ತಿಯ ಸುರುಳಿ) ಸರಿ ಇರುವುದಿಲ್ಲ, ಅಥವಾ ಕೊನೆಗೆ ಕಲಿಯಬೇಕಾದ್ದನ್ನು ಮೊದಲ ದಿನವೇ ಮಾಡಲು ಹೊರಟಿರುತ್ತಾರೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಾಲ್ಕನೆಯದು ಬೇಜಾರು ಅಂತ ಹಾರಿಸಿದರೆ ಆರನೆಯದರಲ್ಲಿ ಸಿಕ್ಕಿಕೊಳ್ಳುತ್ತೀರಿ.

## ಹಂತ 1: ಸರಿಯಾದ ಹತ್ತಿ ಹುಡುಕಿ

ಹೆಚ್ಚಿನವರು ಎಡವುವುದು ಇಲ್ಲೇ. ನೂಲಲು ಬಾರದ ಎರಡು ಹತ್ತಿ ನಮ್ಮ ಮನೆಗಳಲ್ಲಿ ಸುಲಭವಾಗಿ ಕೈಗೆ ಸಿಗುತ್ತವೆ, ಅದೇ ತೊಂದರೆ.

ಒಂದು ಬೂರುಗದ ಹತ್ತಿ. ಹಳೇ ದಿಂಬು ಬಿಚ್ಚಿದರೆ ಬರುತ್ತದಲ್ಲ, ಅದು. ಮುಟ್ಟಲು ರೇಷ್ಮೆ ಥರ ನಯ, ನೋಡಲು ಆಸೆಯಾಗುತ್ತದೆ. ಆದರೆ ಆ ನಯವೇ ಅದರ ದೋಷ. ಹತ್ತಿ ಗಿಡದ ನಾರು ಒಣಗುವಾಗ ಚಪ್ಪಟೆಯಾಗಿ ಸುರುಳಿ ತಿರುಚಿಕೊಳ್ಳುತ್ತದೆ, ಆ ತಿರುಚಿನಿಂದಲೇ ಒಂದು ನಾರು ಇನ್ನೊಂದನ್ನು ಹಿಡಿದುಕೊಳ್ಳುವುದು. ಬೂರುಗದ ನಾರಿಗೆ ಆ ತಿರುಚಿಲ್ಲ. ಎಷ್ಟು ಹುರಿ ಕೊಟ್ಟರೂ, ಅಂದರೆ ಎಷ್ಟು ತಿರುಚಿ ಹೊಸೆದರೂ, ಜಾರುತ್ತದೆ. ಅದನ್ನು ದಿಂಬಿಗೇ ಬಿಡಿ.

ಇನ್ನೊಂದು ಮೆಡಿಕಲ್ ಶಾಪಿನ ಹತ್ತಿ. ನೀರು ಹೀರಲಿ ಅಂತ ಅದರ ಸಹಜವಾದ ಮೇಣವನ್ನೆಲ್ಲ ತೆಗೆದು ಬಿಳಿ ಮಾಡಿರುತ್ತಾರೆ. ನಾರೂ ಗಿಡ್ಡ. ಎಳೆದರೆ ಸರಾಗವಾಗಿ ಬರುವುದಿಲ್ಲ, ಉಂಡೆ ಉಂಡೆಯಾಗಿ ಕಿತ್ತು ಬರುತ್ತದೆ. ಬತ್ತಿ ಹೊಸೆಯಲು ನಡೆಯುತ್ತದೆ, ನೂಲಲು ಬೇಡ.

ಬೇಕಾಗಿರುವುದು ಬೀಜ ತೆಗೆದ, ಬೇರೇನೂ ಮಾಡದ ಅರಳೆ. ನಮ್ಮ ಮಲೆನಾಡಿನಲ್ಲಿ ಬೀಳುವ ಮಳೆಗೆ ಹತ್ತಿ ಬೆಳೆಯುವ ಮಾತೇ ಇಲ್ಲ, ಆದರೆ ಹಾವೇರಿ, ಧಾರವಾಡದ ಕಡೆ ನೆಂಟರಿದ್ದರೆ ಒಂದು ಚೀಲ ತರಿಸಿಕೊಳ್ಳಿ. ಖಾದಿ ಕೆಲಸ ನಡೆಯುವ ಕಡೆ ತಯಾರಾದ ಹಂಜಿಯೇ ಸಿಕ್ಕಿದರಂತೂ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಹಿತ್ತಿಲಲ್ಲಿ ದೇವರ ಬತ್ತಿಗೆಂದು ಬೆಳೆಸಿದ ಹತ್ತಿ ಗಿಡ ಇದ್ದರೆ ಅದೂ ಆಗುತ್ತದೆ, ಆದರೆ ನಾರಿನ ಉದ್ದ ನೋಡಿಕೊಳ್ಳಿ.

ನೋಡುವುದು ಹೀಗೆ: ಬೀಜಕ್ಕೆ ಅಂಟಿದ ನಾರನ್ನು ಬೆರಳಲ್ಲೇ ಬಾಚಿ ಒಂದು ಬದಿಗೆ ನೇರ ಮಾಡಿ, ಸ್ಕೇಲ್ ಇಟ್ಟು ಅಳೆಯಿರಿ. 25ರಿಂದ 30 ಮಿಲಿಮೀಟರ್ ಇದ್ದರೆ ಕಲಿಯುವವರಿಗೆ ಚೆನ್ನ. 20ರ ಆಸುಪಾಸು ಇದ್ದರೆ ನೂಲಬಹುದು, ಆದರೆ ಹುರಿ ಜಾಸ್ತಿ ಬೇಕು. ಅದನ್ನು ಎರಡನೇ ಸುತ್ತಿಗೆ ಇಟ್ಟುಕೊಳ್ಳಿ. ಈ ಅಳತೆ ಬರೆದಿಡಿ, ಹಂತ 5ರಲ್ಲಿ ಬೇಕಾಗುತ್ತದೆ.

## ಹಂತ 2: ಸಾಮಾನು ಹೊಂದಿಸಿಕೊಳ್ಳಿ

ಬೇಕಾದ್ದು ಕಮ್ಮಿ. ಒಂದು ತಕಲಿ, ಅರ್ಧ ಗರಟೆ (ತೆಂಗಿನ ಚಿಪ್ಪು), ಒಂದು ಚಿಟಿಕೆ ವಿಭೂತಿ, ಹೂ ಕಟ್ಟುವ ಹತ್ತಿ ದಾರ ಒಂದು ಮಾರು, ತೆಂಗಿನ ಗರಿಯ ಒಂದು ದಪ್ಪ ಕಡ್ಡಿ. ಅರಳೆ ಹಿಂಜಲು ತಂತಿ ಹಲ್ಲಿನ ಎರಡು ಬ್ರಷ್. ನಾಯಿಯ ಮೈ ಬಾಚುವ ಬ್ರಷ್ ಸಾಕು, ಹೊಸದು ತನ್ನಿ. ಹಳೆಯದಾದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ತಕಲಿ ಕೊಳ್ಳುವಾಗ ಎರಡು ಪರೀಕ್ಷೆ. ಅಂಗಡಿಯಲ್ಲೇ ನೆಲದ ಮೇಲೆ ನಿಲ್ಲಿಸಿ ಬುಗುರಿ ಹಾಗೆ ತಿರುಗಿಸಿ. ತಲೆ ಗಡಗಡ ಅಂತ ಅಲ್ಲಾಡಿದರೆ ಕಡ್ಡಿ ಸೊಟ್ಟ ಇದೆ, ಇಲ್ಲವೇ ಬಿಲ್ಲೆಯ ತೂತು ನಡುವಿಗೆ ಇಲ್ಲ. ಬೇಡ ಅನ್ನಿ. ಆಮೇಲೆ ಕೊಕ್ಕೆಗೆ ಚೂರು ಹತ್ತಿ ತಾಗಿಸಿ ಎಳೆಯಿರಿ. ಹತ್ತಿ ಸಿಕ್ಕಿಕೊಂಡರೆ ಕೊಕ್ಕೆಯಲ್ಲಿ ಚೂಪು ಉಳಿದಿದೆ, ಸಣ್ಣ ಮರಳು ಕಾಗದದಿಂದ ಉಜ್ಜಬೇಕು. ನೂಲು ಪ್ರತಿ ಸಲ ಕೊಕ್ಕೆಯ ಹತ್ತಿರವೇ ಹರಿಯುತ್ತಿದ್ದರೆ ಕಾರಣ ಇದೇ. ಹತ್ತಿಗೆ ಹಗುರ ತಕಲಿಯೇ ಬೇಕು. ಉಣ್ಣೆ ನೂಲುವ ದಪ್ಪ ಮರದ ಕದಿರನ್ನು ಹತ್ತಿ ಎಳೆಗೆ ನೇತು ಹಾಕಿದರೆ ಅದರ ಭಾರಕ್ಕೇ ಎಳೆ ಹರಿಯುತ್ತದೆ.

ಮಳೆಗಾಲದಲ್ಲಿ ಉಕ್ಕಿನ ಕಡ್ಡಿಗೆ ತುಕ್ಕು ಬರುತ್ತದೆ. ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಬಟ್ಟೆಯಿಂದ ಪೂರ್ತಿ ಒರೆಸಿ. ಎಣ್ಣೆ ಉಳಿದರೆ ನೂಲಿಗೆ ಕಲೆ.

## ಹಂತ 3: ಹಂಜಿ ಮಾಡಿ, ಅವಸರ ಬೇಡ

ಬೀಜ ಇರುವ ಹತ್ತಿಯಾದರೆ ಮೊದಲು ಒಂದೆರಡು ಗಂಟೆ ಬಿಸಿಲಿಗೆ ಹಾಕಿ. ಒಣಗಿದ ಹತ್ತಿಯಿಂದ ಬೀಜ ಬೇಗ ಬಿಡುತ್ತದೆ. ಮಣೆಯ ಮೇಲೆ ಒಂದು ಬೀಜ ಇಟ್ಟು, ಅದರ ಹಿಂಬದಿಗೆ ನುಣುಪಾದ ಕಬ್ಬಿಣದ ಕಡ್ಡಿ ಇಟ್ಟು ಮುಂದಕ್ಕೆ ಒತ್ತಿ ಉರುಳಿಸಿ. ಬೀಜ ಮುಂದಕ್ಕೆ ಜಿಗಿಯುತ್ತದೆ, ನಾರು ಹಿಂದೆ ಉಳಿಯುತ್ತದೆ. ಮುರಿದ ಕೊಡೆಯ ನಡುಗೋಲು ಇದಕ್ಕೆ ಭಾರಿ ಒಳ್ಳೆಯದು, ನಮ್ಮ ಮನೆಗಳಲ್ಲಿ ಅದಕ್ಕೇನು ಬರವೇ! ಬೀಜದ ಒಂದು ಚೂರೂ ಅರಳೆಯಲ್ಲಿ ಉಳಿಯಬಾರದು. ಸಾಸಿವೆ ಕಾಳಿನಷ್ಟು ಕರಿ ಚೂರು ಕೂಡ ಆಮೇಲೆ ನೂಲು ಹರಿಯುವ ಜಾಗವಾಗುತ್ತದೆ.

ಇನ್ನು ಹಿಂಜುವುದು. ಒಂದು ಬ್ರಷ್‌ಗೆ ತೆಳ್ಳಗೆ ಅರಳೆ ಹಚ್ಚಿ, ಇನ್ನೊಂದರಿಂದ ಮೆಲ್ಲಗೆ ಬಾಚಿ. ಹಲ್ಲಿಗೆ ಹಲ್ಲು ಕಚ್ಚಿಸಿ ಜಗ್ಗಬೇಡಿ, ನಾರು ತುಂಡಾಗುತ್ತದೆ. ತುದಿ ತುದಿ ತಾಗಿದರೆ ಸಾಕು. ನಾಲ್ಕೈದು ಸಲ ಬಾಚಿದ ಮೇಲೆ ಬೆಳಕಿಗೆ ಹಿಡಿದು ನೋಡಿ. ಗಂಟು ಕಾಣದೆ ಮಂಜಿನ ಹಾಗೆ ಒಂದೇ ಸಮ ಕಂಡರೆ ಆಯಿತು. ಚುಕ್ಕಿ ಚುಕ್ಕಿ ಕಂಡರೆ ಇನ್ನೊಮ್ಮೆ ಬಾಚಿ.

ಆ ಪದರವನ್ನು ಮಣೆಯ ಮೇಲೆ ಹಾಸಿ, ತೆಂಗಿನ ಕಡ್ಡಿಯನ್ನು ಒಂದು ಅಂಚಿಗೆ ಇಟ್ಟು, ಅಂಗೈಯಿಂದ ಸಡಿಲವಾಗಿ ಸುತ್ತಿ, ಕಡ್ಡಿ ಎಳೆದು ತೆಗೆಯಿರಿ. ಕಿರುಬೆರಳಿನ ದಪ್ಪ, ಒಂದು ಗೇಣಿಗಿಂತ ತುಸು ಕಮ್ಮಿ ಉದ್ದ. ಒಂದು ಹಂಜಿ ಸಿದ್ಧ. ಒತ್ತಿ ಸುತ್ತಿದ ಹಂಜಿ ದೀಪದ ಬತ್ತಿಯ ಹಾಗೆ ಗಟ್ಟಿಯಾಗುತ್ತದೆ, ಅದರಿಂದ ನಾರು ಬಿಟ್ಟು ಬರುವುದಿಲ್ಲ. ತುದಿ ಹಿಡಿದು ಅಲ್ಲಾಡಿಸಿದರೆ ಹಂಜಿ ಬಳುಕಬೇಕು.

ಹವೆಯ ಬಗ್ಗೆ ಒಂದು ಮಾತು. ತೀರಾ ಒಣ ಹವೆಯಲ್ಲಿ ಹತ್ತಿ ನಾರು ಪೆಡಸಾಗಿ ಹಾರಾಡುತ್ತದೆ, ನೂಲಿನ ಗಿರಣಿಗಳಲ್ಲಿ ಹವೆಗೆ ತೇವ ಕೊಡುವುದು ಅದಕ್ಕೇ. ಹೊಸನಗರ, ಆಗುಂಬೆ ಕಡೆಯವರಿಗೆ ಆ ಚಿಂತೆ ಇಲ್ಲ, ಇರುವುದು ಉಲ್ಟಾ ಚಿಂತೆ. ಆಷಾಢದಲ್ಲಿ ಹಂಜಿ ತಣ್ಣಗೆ, ಮೆತ್ತಗೆ ಆಗಿ ನಾರು ನಾರಿಗೆ ಅಂಟುತ್ತದೆ. ಹಾಗಾದಾಗ ಹುರಿದು ಆರಿಸಿದ ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಹಂಜಿಯ ಜೊತೆ ಸ್ಟೀಲ್ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬಚ್ಚಲ ಒಲೆಯ ಮುಂದೆ ಹಂಜಿ ಹರಡಿ ಕೂರುವ ಬುದ್ಧಿವಂತಿಕೆ ಮಾತ್ರ ಬೇಡ. ಹಿಂಜಿದ ಅರಳೆಗೆ ಒಂದು ಕಿಡಿ ಸಾಕು.

## ಹಂತ 4: ಹತ್ತಿ ಮುಟ್ಟದೆ, ಹುರಿ ಏನೆಂದು ನೋಡಿ

ಹೂ ಕಟ್ಟುವ ದಾರ ಒಂದು ಮೊಳ ತೆಗೆದುಕೊಳ್ಳಿ. ಎರಡು ತುದಿ ಹಿಡಿದು, ಹುರಿ ಬಿಚ್ಚುವ ದಿಕ್ಕಿಗೆ ತಿರುಗಿಸುತ್ತಾ ಹೋಗಿ. ಎಳೆಗಳು ಬೇರೆಯಾಗುತ್ತವೆ. ಅದರಲ್ಲಿ ಒಂದೇ ಎಳೆ ಹಿಡಿದು, ಈಗ ಉಲ್ಟಾ ದಿಕ್ಕಿಗೆ ತಿರುಗಿಸಿ ಅದರ ಹುರಿಯನ್ನೂ ಬಿಚ್ಚಿ. ಒಂದು ಹಂತದಲ್ಲಿ ಏನೂ ಸದ್ದಿಲ್ಲದೆ ಎಳೆ ಜಾರಿ ಎರಡಾಗುತ್ತದೆ. ಎರಡೂ ತುದಿ ನೋಡಿ, ಇಲಿಬಾಲದ ಹಾಗೆ ಉದ್ದಕ್ಕೆ ಸಪೂರವಾಗಿರುತ್ತವೆ. ಅಂದರೆ ನಾರು ತುಂಡಾಗಿಲ್ಲ, ಒಂದರಿಂದ ಒಂದು ಜಾರಿದೆ ಅಷ್ಟೆ.

ಈಗ ಇನ್ನೊಂದು ಎಳೆ ತೆಗೆದು, ಇರುವ ಹುರಿಯ ಮೇಲೇ ಇನ್ನಷ್ಟು ಹುರಿ ಕೊಡುತ್ತಾ ಹೋಗಿ. ಮೊದಲು ಗಟ್ಟಿಯಾಗುತ್ತದೆ, ಆಮೇಲೆ ಸುರುಳಿ ಸುರುಳಿ ಗಂಟಾಗುತ್ತದೆ, ಕೊನೆಗೆ ಚಟ್ ಅಂತ ತುಂಡಾಗುತ್ತದೆ. ಈ ತುದಿ ಮೋಟು.

ಇನ್ನು ಮುಂದೆ ನೂಲು ಹರಿದಾಗಲೆಲ್ಲ ಬೈಯುವ ಮೊದಲು ತುದಿ ನೋಡಿ. ಸಪೂರ ತುದಿ ಇದ್ದರೆ ಹುರಿ ಸಾಲದು. ಮೋಟು ತುದಿ, ಪಕ್ಕದಲ್ಲಿ ಸುರುಳಿ ಇದ್ದರೆ ಹುರಿ ಜಾಸ್ತಿಯಾಗಿದೆ. ಇದೊಂದು ಗೊತ್ತಾದರೆ ನಿಮ್ಮ ಸಮಸ್ಯೆ ಅರ್ಧ ಮುಗಿಯಿತು.

ಇದೇ ಹಂತದಲ್ಲಿ ತಕಲಿಯನ್ನು ಬರಿದೇ ತಿರುಗಿಸಿಯೂ ಅಭ್ಯಾಸ ಮಾಡಿ. ಗರಟೆಯ ನಡುವೆ ತುದಿ ಊರಿ, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿಗೆ ವಿಭೂತಿ ಸವರಿಕೊಂಡು, ಚಿಟಿಕೆ ಹೊಡೆದ ಹಾಗೆ ತಿರುಗಿಸಿ. ಗಡಿಯಾರದ ಮುಳ್ಳು ಹೋಗುವ ದಿಕ್ಕು. ಎಡಚರು ಕೈ ಬದಲಿಸಿಕೊಳ್ಳಬಹುದು, ಆದರೆ ಒಮ್ಮೆ ಆರಿಸಿದ ದಿಕ್ಕು ಬದಲಾಗಬಾರದು. ಅರ್ಧ ನೂಲು ಒಂದು ಕಡೆ, ಅರ್ಧ ಇನ್ನೊಂದು ಕಡೆ ತಿರುಗಿಸಿದರೆ ಕೊಟ್ಟ ಹುರಿಯನ್ನು ನೀವೇ ಬಿಚ್ಚಿದ ಹಾಗೆ.

## ಹಂತ 5: ನಿಲ್ಲಿಸಿ, ಆಮೇಲೆ ಎಳೆಯಿರಿ

ತಕಲಿ ತಿರುಗುತ್ತಿರುವಾಗಲೇ ಹಂಜಿ ಎಳೆಯುವುದು ನೋಡಲು ಚೆಂದ. ಕಲಿಯುವವರು ಅದನ್ನೇ ಮೊದಲು ಮಾಡಲು ಹೋಗಿ ಕೆಡಿಸಿಕೊಳ್ಳುತ್ತಾರೆ. ಎರಡೂ ಕೆಲಸ ಬೇರೆ ಬೇರೆ ಮಾಡಿ.

ಹೂ ಕಟ್ಟುವ ದಾರವನ್ನು ಬಿಲ್ಲೆಯ ಮೇಲೆ ಕಡ್ಡಿಗೆ ಗಟ್ಟಿಯಾಗಿ ಗಂಟು ಹಾಕಿ, ಕಡ್ಡಿಗೆ ಎರಡು ಮೂರು ಸುತ್ತು ಸುತ್ತುತ್ತಾ ಮೇಲೆ ತಂದು ಕೊಕ್ಕೆಗೆ ಸಿಕ್ಕಿಸಿ. ಒಂದು ಗೇಣು ದಾರ ಮೇಲೆ ಉಳಿಯಲಿ. ಅದರ ತುದಿಯನ್ನು ಉಗುರಿನಿಂದ ಕೆರೆದು ಪುಕ್ಕ ಮಾಡಿ, ಹಂಜಿಯ ತುದಿಯ ನಾರನ್ನು ಎರಡು ಬೆರಳಗಲ ಅದರ ಮೇಲೆ ಒರಗಿಸಿ ಹಿಡಿಯಿರಿ. ತಕಲಿ ತಿರುಗಿಸಿ. ಹುರಿ ಏರಿ ಬಂದು ಎರಡನ್ನೂ ಕಚ್ಚಿಸುತ್ತದೆ.

ಮುಂದಿನ ಸುತ್ತು ಹೀಗೆ ನಡೆಯಬೇಕು:

ಬಲಗೈ ಬೆರಳಿಂದ ದಾರ ಒತ್ತಿ ಹಿಡಿದು, ತಕಲಿ ಜೋರಾಗಿ ತಿರುಗಲು ಬಿಡಿ. ಹುರಿ ಆ ಬೆರಳಿನ ಕೆಳಗೇ ಶೇಖರವಾಗುತ್ತದೆ. ಆಮೇಲೆ ತಕಲಿಯನ್ನು ಮೊಣಕಾಲ ಸಂದಿಯಲ್ಲಿ ಸಿಕ್ಕಿಸಿ ನಿಲ್ಲಿಸಿ. ಬಲಗೈ ಒತ್ತಿದ್ದು ಹಾಗೇ ಇರಲಿ. ಎಡಗೈಯಲ್ಲಿ ಹಂಜಿ ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆಯಿರಿ. ಎರಡು ಕೈ ನಡುವೆ ನಾರು ಬೀಸಣಿಗೆ ಥರ, ಮೂರು ಮೂಲೆಯಾಗಿ ಹರಡಿಕೊಂಡು ಸಪೂರವಾಗುತ್ತದೆ. ಬೇಕಾದಷ್ಟು ಸಪೂರ ಆದಾಗ ಬಲಗೈ ಒತ್ತು ಬಿಟ್ಟು ಮೇಲೆ ಸರಿಸಿ. ಶೇಖರವಾಗಿದ್ದ ಹುರಿ ಸರ್ರನೆ ಆ ನಾರಿಗೆ ಓಡುತ್ತದೆ. ಅದು ಓಡುವುದು ಕಣ್ಣಿಗೇ ಕಾಣುತ್ತದೆ, ನೋಡಿ ಖುಷಿಪಡಿ. ಹುರಿ ಹಂಜಿಯೊಳಗೆ ನುಗ್ಗುವ ಮೊದಲು ಮತ್ತೆ ಒತ್ತಿ ಹಿಡಿಯಿರಿ. ಮತ್ತೆ ಎಳೆಯಿರಿ. ಹುರಿ ಮುಗಿದಾಗ ಮತ್ತೆ ತಕಲಿ ತಿರುಗಿಸಿ.

ಇಲ್ಲಿ ಬರುವ ತಪ್ಪು ಮೂರು.

ಕೈಗಳು ಹತ್ತಿರ ಇರುವುದು. ಬರೆದಿಟ್ಟ ನಾರಿನ ಅಳತೆ ಈಗ ತೆಗೆಯಿರಿ. ನಾರು 28 ಮಿಲಿಮೀಟರ್ ಉದ್ದ ಇದ್ದು, ನಿಮ್ಮ ಎರಡು ಕೈ ನಡುವೆ 20 ಮಿಲಿಮೀಟರ್ ಅಂತರ ಇದ್ದರೆ ಒಂದೇ ನಾರಿನ ಎರಡೂ ತುದಿಯನ್ನು ನೀವೇ ಹಿಡಿದು ಜಗ್ಗುತ್ತಿದ್ದೀರಿ. ಜಗ್ಗಿದಷ್ಟೂ ಬರುವುದಿಲ್ಲ, ಬಂದರೆ ಕಿತ್ತೇ ಬರುತ್ತದೆ. ಅಂತರ ನಾರಿನ ಉದ್ದಕ್ಕಿಂತ ತುಸು ಜಾಸ್ತಿ ಇರಲಿ.

ಹಂಜಿಯನ್ನು ಗಟ್ಟಿ ಹಿಡಿಯುವುದು. ಸಾಗರದ ಕಡೆಯ ಅಜ್ಜಿಯೊಬ್ಬರು ಕಲಿಯಲು ಬಂದ ಹುಡುಗಿಗೆ, ‘ತಂಗೀ, ಅದರ ಕುತ್ತಿಗೆ ಯಾಕೆ ಹಿಚುಕ್ತೀಯೆ, ಅದೇನು ಓಡಿ ಹೋಗ್ತದಾ?’ ಅಂದಿದ್ದರು. ಇಷ್ಟು ಸರಿಯಾಗಿ ಹೇಳುವುದು ಕಷ್ಟ. ಬೆರಳಿನ ಸಂದಿಯಲ್ಲಿ ಹಂಜಿ ಸುಮ್ನೆ ಮಲಗಿರಬೇಕು. ಬೆವರುವ ಕೈಯಾದರೆ ಮತ್ತೆ ವಿಭೂತಿ.

ಹುರಿ ಹಂಜಿಯೊಳಗೆ ಹೋಗಲು ಬಿಡುವುದು. ಒಳಗೆ ಹೋದರೆ ಹಂಜಿಯೇ ಹಗ್ಗವಾಗುತ್ತದೆ, ಎಳೆಯಲು ಬರುವುದಿಲ್ಲ. ಆ ಭಾಗ ಕಿತ್ತು ಹಾಕಿ ಹೊಸದಾಗಿ ಜೋಡಿಸಿ. ಬಿಡಿಸುತ್ತಾ ಕೂರಬೇಡಿ.

ಈ ಹಂತದಲ್ಲಿ ಬೇಸರ ಬರುವಷ್ಟು ದಿನ ಇರಿ. ನೂಲು ದಪ್ಪ ಬಂದರೆ ಬರಲಿ.

## ಹಂತ 6: ತಿರುಗಿಸುತ್ತಲೇ ಎಳೆಯುವುದು

ತಕಲಿ ಗರಟೆಯಲ್ಲಿ ನಿಂತು ತಿರುಗುತ್ತಿರಲಿ. ಎಡಗೈ ಹಂಜಿಯ ಜೊತೆ ನಿಧಾನ ಮೇಲಕ್ಕೆ ಹೋಗಲಿ. ತಕಲಿಯ ವೇಗಕ್ಕೆ ಕೈ ಹೊಂದಬೇಕು. ಕೈ ಮುಂದೋಡಿದರೆ ಎಳೆ ಜಾರಿ ಬಿಡುತ್ತದೆ, ಹಿಂದುಳಿದರೆ ಸುರುಳಿಯಾಗುತ್ತದೆ. ತಕಲಿ ನಿಧಾನವಾಗುವ ಮೊದಲೇ ಇನ್ನೊಂದು ಚಿಟಿಕೆ ಕೊಡಿ. ನಿಂತ ತಕಲಿ ಉಲ್ಟಾ ತಿರುಗಿ ಹುರಿ ಬಿಚ್ಚುತ್ತದೆ. ನೀವು ಬೇರೆ ಕಡೆ ನೋಡಿ ಮಾತಾಡುವಾಗಲೇ ಇದು ಆಗುವುದು.

ಕೈ ಮೇಲಕ್ಕೆ ಹೋಗುವಷ್ಟು ಹೋದ ಮೇಲೆ ನಿಲ್ಲಿಸಿ, ಸುತ್ತುವ ಮೊದಲು ಇನ್ನೆರಡು ಚಿಟಿಕೆ ಹುರಿ ಕೊಡಿ. ಹತ್ತಿ ನಾರು ಗಿಡ್ಡ, ಅದಕ್ಕೆ ಉಣ್ಣೆಗಿಂತ ಜಾಸ್ತಿ ಹುರಿ ಬೇಕು. ಸಾಕಾಯಿತೇ ಅಂತ ನೋಡಲು ನೂಲನ್ನು ಸ್ವಲ್ಪ ಸಡಿಲ ಬಿಡಿ. ತಾನಾಗಿಯೇ ಜೋಡಿಯಾಗಿ ಹೊಸೆದುಕೊಂಡರೆ ಸಾಕು. ಸುಮ್ನೆ ಜೋತು ಬಿದ್ದರೆ ಸಾಲದು. ಆಮೇಲೆ ಕೊಕ್ಕೆಯಿಂದ ಬಿಡಿಸಿ, ಬಿಲ್ಲೆಯ ಪಕ್ಕದಲ್ಲೇ ಬಿಗಿಯಾಗಿ ಸುತ್ತಿ. ಕೆಳಗೆ ದಪ್ಪ, ಮೇಲೆ ಸಪೂರ ಬರಬೇಕು. ಮೇಲೇ ಸುತ್ತಿದರೆ ತಕಲಿ ತಲೆಭಾರವಾಗಿ ತೂರಾಡುತ್ತದೆ.

ನೂಲಿನಲ್ಲಿ ಗಂಟಿನ ಹಾಗೆ ದಪ್ಪ ಬಂದರೆ ಹುರಿ ಜಾಸ್ತಿ ಕೊಟ್ಟು ಸರಿ ಮಾಡಲು ಹೋಗಬೇಡಿ. ಹುರಿ ಯಾವಾಗಲೂ ಸಪೂರ ಜಾಗಕ್ಕೇ ಓಡುತ್ತದೆ. ದಪ್ಪ ಹಾಗೇ ಉಳಿಯುತ್ತದೆ, ಪಕ್ಕದ ಸಪೂರ ಎಳೆ ಚಟ್ ಅನ್ನುತ್ತದೆ. ದಪ್ಪದ ಎರಡೂ ಬದಿ ಹಿಡಿದು, ಹುರಿ ತುಸು ಬಿಚ್ಚಿ, ಮೆಲ್ಲಗೆ ಎಳೆದು ಬಿಡಿ. ಹರಿದರೆ ಗಂಟು ಹಾಕಬೇಡಿ. ತುದಿ ಪುಕ್ಕ ಮಾಡಿ ಮೊದಲು ಜೋಡಿಸಿದ ಹಾಗೆಯೇ ಜೋಡಿಸಿ.

## ಹಂತ 7: ಎರಡೆಳೆ ಹುರಿ ಹಾಕಿ

ಕಲಿಯುವವರ ಒಂಟಿ ಎಳೆಯಲ್ಲಿ ದಪ್ಪ ಸಪೂರ ಇದ್ದೇ ಇರುತ್ತದೆ. ಎರಡು ಸೇರಿಸಿದರೆ ಒಂದರ ಕೊರತೆ ಇನ್ನೊಂದು ಮುಚ್ಚುತ್ತದೆ. ಎರಡು ಉಂಡೆ ಮಾಡಿ, ಎರಡು ಚೊಂಬಿನಲ್ಲಿ ಹಾಕಿ. ಇಲ್ಲದಿದ್ದರೆ ಮನೆಯಲ್ಲೆಲ್ಲ ಉರುಳಾಡುತ್ತವೆ, ಬೆಕ್ಕಿದ್ದರೆ ಕೇಳುವುದೇ ಬೇಡ. ಎರಡೂ ಎಳೆ ಸೇರಿಸಿ ತಕಲಿಗೆ ಕಟ್ಟಿ, ಈಗ ಉಲ್ಟಾ ದಿಕ್ಕಿಗೆ ತಿರುಗಿಸಿ. ಮೊದಲಿನ ದಿಕ್ಕಿಗೇ ತಿರುಗಿಸಿದರೆ ಬುಸುಗುಡುವ ಗಂಟು ಸಿಗುತ್ತದೆ, ನೂಲಲ್ಲ. ಸಿದ್ಧವಾದ ನೂಲನ್ನು ಮಾಲೆಯಾಗಿ ಇಳಿಬಿಟ್ಟಾಗ ಅದು ತಿರುಚದೆ ನೆಟ್ಟಗೆ ನಿಂತರೆ ಸರಿಯಾಗಿದೆ.

ಜನಿವಾರಕ್ಕೆಂದು ನೂಲುವವರು ಎಳೆಯ ಲೆಕ್ಕ, ದಿಕ್ಕು, ಕ್ರಮ ಎಲ್ಲ ಮನೆಯ ಹಿರಿಯರನ್ನೇ ಕೇಳಿ. ಅದು ಮನೆಯಿಂದ ಮನೆಗೆ ಬೇರೆ.

## ಹಂತ 8: ಲಡಿ ಕಟ್ಟಿ, ಕುದಿಸಿ, ಒಣಗಿಸಿ

ಮಗುಚಿ ಹಾಕಿದ ಸ್ಟೂಲಿನ ಕಾಲಿಗೆ ನೂಲು ಸುತ್ತಿ ಲಡಿ (ನೂಲಿನ ಸುರುಳಿ ಕಟ್ಟು) ಮಾಡಿ, ನಾಲ್ಕು ಕಡೆ ಸಡಿಲವಾಗಿ ದಾರ ಕಟ್ಟಿ. ಒಂದು ಸುತ್ತಿನ ಅಳತೆ ಮೊದಲೇ ಗೊತ್ತಿದ್ದರೆ ಎಷ್ಟು ಮೀಟರ್ ಅಂತ ಲೆಕ್ಕ ಸಿಗುತ್ತದೆ. ನೂಲಿನ ನಂಬರ್ ತಿಳಿಯುವ ಆಸೆ ಇದ್ದರೆ 100 ಮೀಟರ್ ಒಂಟಿ ಎಳೆ ತೂಗಿ, 59ನ್ನು ಆ ಗ್ರಾಂನಿಂದ ಭಾಗಿಸಿ. 6 ಗ್ರಾಂ ತೂಗಿದರೆ ಹೆಚ್ಚುಕಮ್ಮಿ 10ನೇ ನಂಬರ್. ನಂಬರ್ ಹೆಚ್ಚಾದಷ್ಟೂ ನೂಲು ಸಪೂರ.

ಸ್ಟೀಲ್ ಪಾತ್ರೆಯಲ್ಲಿ ಲಡಿ ಮುಳುಗುವಷ್ಟು ನೀರು, ಲೀಟರಿಗೆ ಒಂದು ಚಮಚ ವಾಷಿಂಗ್ ಸೋಡಾ, ಸ್ವಲ್ಪ ಸೋಪು ಹಾಕಿ ಮುಕ್ಕಾಲು ಗಂಟೆ ಕುದಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿನ್ನುತ್ತದೆ. ನೀರು ಕಷಾಯದ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ, ಹತ್ತಿಯ ಮೇಣ ಮತ್ತು ಕೊಳೆ ಬಿಡುತ್ತಿದೆ. ಹುರಿಯೂ ಬಿಚ್ಚಿಕೊಳ್ಳದೆ ನೆಲೆ ನಿಲ್ಲುತ್ತದೆ. ಈ ಹಂತ ಬಿಟ್ಟವರ ನೂಲು ನೀರು ಹೀರುವುದಿಲ್ಲ, ಬಣ್ಣವನ್ನೂ ಹಿಡಿಯುವುದಿಲ್ಲ.

ಒಣಗಿಸುವುದೇ ನಮ್ಮ ಕಡೆ ದೊಡ್ಡ ಕೆಲಸ. ಅರ್ಧ ಒಣಗಿದ ಲಡಿಯನ್ನು ಮಡಿಚಿಟ್ಟರೆ ಬೂಸ್ಟು ಬಂದು ಕರಿ ಚುಕ್ಕೆ ಬೀಳುತ್ತದೆ, ಆ ಚುಕ್ಕೆ ಸಾಮಾನ್ಯವಾಗಿ ಹೋಗುವುದಿಲ್ಲ. ಮಳೆಗಾಲದಲ್ಲಿ ನೂಲಿ ಇಟ್ಟುಕೊಳ್ಳಿ, ಕುದಿಸುವ ಕೆಲಸವನ್ನು ಬಿಸಿಲು ಬರುವವರೆಗೆ ಮುಂದೂಡಿ ಅನ್ನುವುದು ನನ್ನ ಅಭಿಪ್ರಾಯ. ಆಗಲೇಬೇಕಿದ್ದರೆ ಫ್ಯಾನಿನ ಕೆಳಗೆ ನೇತು ಹಾಕಿ, ಆಗಾಗ ತಿರುವಿ ಹಾಕಿ.

## ಹಂತ 9: ಮೊದಲ ನೂಲಿಗೆ ಸಣ್ಣ ಕೆಲಸ ಕೊಡಿ, ಬೇಕಾದರೆ ಚೊಗರಿನ ಬಣ್ಣ

ಮೊದಲ ಲಡಿಯನ್ನು ಮಗ್ಗಕ್ಕೆ ಹಾಸಾಗಿ (ಉದ್ದದ ಎಳೆಯಾಗಿ) ಏರಿಸಬೇಡಿ, ಆ ಬಿಗಿತ ತಡೆಯುವುದಿಲ್ಲ. ಕ್ರೋಷಾ ಕಡ್ಡಿಯಲ್ಲಿ ಪಾತ್ರೆ ಒರೆಸುವ ಬಟ್ಟೆ ಅಥವಾ ಲೋಟದ ಕೆಳಗಿಡುವ ಚೌಕ ಹೆಣೆಯಿರಿ. ಅಲ್ಲಿ ಗಂಟು, ದಪ್ಪ ಎಲ್ಲ ಹೊಂದಿಕೊಳ್ಳುತ್ತವೆ.

ಬಣ್ಣ ಬೇಕಿದ್ದರೆ ಕೊನೆಕೊಯ್ಲಿನ (ಅಡಿಕೆ ಗೊನೆ ಕೊಯ್ಯುವ) ಕಾಲದಲ್ಲಿ ಅಡಿಕೆ ಬೇಯಿಸುವ ಮನೆಯಿಂದ ಒಂದು ಚೊಂಬು ಚೊಗರು, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರು, ತನ್ನಿ. ಹೆಗ್ಗೋಡಿನ ಹತ್ತಿರದ ಭೀಮನಕೋಣೆಯ ‘ಚರಕ’ದವರು ಕೈಮಗ್ಗದ ಬಟ್ಟೆಗೆ ಹಾಕುವ ನೈಸರ್ಗಿಕ ಬಣ್ಣಗಳಲ್ಲಿ ಇದೂ ಒಂದು. ಕುದಿಸಿ ತೊಳೆದ ಲಡಿಯನ್ನು ಮೊದಲು ಪಟಕ ಕರಗಿಸಿದ ಬಿಸಿನೀರಲ್ಲಿ ಒಂದು ರಾತ್ರಿ ನೆನೆಸಿ. ಮಾರನೇ ದಿನ ನೀರು ಬೆರೆಸಿದ ಚೊಗರಿನಲ್ಲಿ ಸಣ್ಣ ಉರಿಯಲ್ಲಿ ಒಂದು ಗಂಟೆ ಕಾಯಿಸಿ, ಅದರಲ್ಲೇ ಆರಲು ಬಿಡಿ. ನೆರಳಲ್ಲಿ ಒಣಗಿಸಿ, ಆಮೇಲೆ ತೊಳೆಯಿರಿ. ಕೆಂಪು ಕಂದು ಬರುತ್ತದೆ. ತುಕ್ಕು ಹಿಡಿದ ಮೊಳೆ ನೆನೆಸಿದ ನೀರು ಸ್ವಲ್ಪ ಸೇರಿದರೂ ಬಣ್ಣ ಕಪ್ಪಿಗೆ ತಿರುಗುತ್ತದೆ. ಹಾಗಾಗಿ ಕಬ್ಬಿಣದ ಬಾಣಲೆ ಬಳಸಬೇಡಿ, ಕಪ್ಪೇ ಬೇಕಿದ್ದರೆ ಬಳಸಿ. ಹಳೇ ಬಟ್ಟೆ ಹಾಕಿಕೊಂಡು ಕೂರಿ. ಚೊಗರಿನ ಕಲೆ ಎಂಥದ್ದು ಅಂತ ಅಡಿಕೆ ಸುಲಿಯುವ ಮನೆಯವರಿಗೆ ಹೇಳಿಕೊಡಬೇಕಿಲ್ಲ.

ಉಳಿದ ಅರಳೆ, ಹಂಜಿ, ಲಡಿ ಎಲ್ಲವನ್ನೂ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ನುಸಿಗುಳಿಗೆ ಬೇಕಿಲ್ಲ, ಉಣ್ಣೆ ತಿನ್ನುವ ಹುಳ ಹತ್ತಿಗೆ ಬರುವುದಿಲ್ಲ. ಬರುವುದು ಇಲಿ. ಅಟ್ಟದ ಮೇಲೆ ಬಟ್ಟೆಚೀಲದಲ್ಲಿ ಅರಳೆ ಇಟ್ಟರೆ ಅದು ಇಲಿಮರಿಗಳ ಹಾಸಿಗೆ ಆಗುವುದು ಖಂಡಿತ.